ರಾಯಚೂರು ಕೋಟೆಯಲ್ಲಿ ವೇಷದ ನಡಿಗೆ: 1520ರ ಮುತ್ತಿಗೆಯನ್ನು ತೋರಿಸುವ ಬಗೆ

ಹಳೆಗಾಲದ ಒಬ್ಬ ಮನುಷ್ಯನ ಉಡುಪು ತೊಟ್ಟು, ಅವನ ಬಾಯಲ್ಲೇ ಊರಿನ ಕಥೆ ಹೇಳುತ್ತ ಜನರನ್ನು ಸುತ್ತಾಡಿಸುವುದೇ ವೇಷದ ನಡಿಗೆ. ಯುರೋಪಿನ ಹಳೆಯ ಕೋಟೆಪಟ್ಟಣಗಳಲ್ಲಿ ಇದು ಬಹಳ ರೂಢಿಯಲ್ಲಿದೆ. ನಮ್ಮ ಕಡೆ ಇದಕ್ಕೆ ರಾಯಚೂರಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಒಂದೇ ಊರಿನಲ್ಲಿ ಕಾಕತೀಯರ ಗೋಡೆ, ಬಹಮನಿಗಳ ಬಾಗಿಲು, ವಿಜಯನಗರದ ಮುತ್ತಿಗೆಯ ನೆನಪು, ಆದಿಲ್‌ಶಾಹಿಗಳ ದುರಸ್ತಿ ಎಲ್ಲವೂ ಇವೆ. ತೊಂದರೆ ಶುರುವಾಗುವುದೂ ಅಲ್ಲೇ. ಎಲ್ಲವನ್ನೂ ಹೇಳಹೊರಟ ಮಾರ್ಗದರ್ಶಿ ಒಂದನ್ನೂ ತೋರಿಸಲಾರ.

ಆದ್ದರಿಂದ ಮೊದಲು ಒಂದು ವರ್ಷ ಆರಿಸಿಕೊಳ್ಳಬೇಕು. ಬರೀ ಶತಮಾನ ಸಾಲದು, ವರ್ಷವೇ ಬೇಕು. ಉಡುಪು, ಮಾತು, ಊಟ, ಕೈಯಲ್ಲಿನ ಸಾಮಾನು, ಎಲ್ಲಿ ನಿಲ್ಲಬೇಕು, ಏನನ್ನು ತೋರಿಸಬಾರದು, ಎಲ್ಲವನ್ನೂ ಆ ವರ್ಷವೇ ತೀರ್ಮಾನಿಸುತ್ತದೆ. ಈ ಟಿಪ್ಪಣಿಗೆ 1520 ಇಟ್ಟುಕೊಂಡಿದ್ದೇವೆ. ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿ, ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ಕೋಟೆ ಹಿಡಿದ ವರ್ಷ ಅದು.

ಆ ವರ್ಷ ಏನಿತ್ತು, ಏನಿರಲಿಲ್ಲ

ಕೋಟೆಯ ನಕ್ಷೆ ಬರೆದುಕೊಂಡು, 1520ಕ್ಕೆ ಮೊದಲಿನದಕ್ಕೆ ಒಂದು ಬಣ್ಣ, ನಂತರದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿ. ಒಳಕೋಟೆಯ ಗೋಡೆ 1294ರದ್ದು. ಕಾಕತೀಯರ ಕೈಕೆಳಗಿನ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ್ದು. ಹೊರಸುತ್ತಿನ ಪಡುವಣ ಬಾಗಿಲಾದ ಮೆಕ್ಕಾ ದರ್ವಾಜಾ ಬಹಮನಿಗಳ ಕಾಲದ್ದು, 1470ರ ಸುಮಾರಿನದು. ಒಂದೇ ಮಿನಾರಿನ ಮಸೀದಿ ಎದ್ದದ್ದು 1513ರ ಹೊತ್ತಿಗೆ. ಅಂದರೆ ಮುತ್ತಿಗೆಯ ಕಾಲಕ್ಕೆ ಆ ಮಿನಾರಿಗೆ ಏಳೇ ವರ್ಷ. ನಮ್ಮ ಪಾತ್ರ ಇವನ್ನೆಲ್ಲ ಕೈ ತೋರಿಸಿ ಮಾತಾಡಬಹುದು. ಹೊರಗೋಡೆಯಲ್ಲಿ ಆದಿಲ್‌ಶಾಹಿಗಳು ಮುಂದೆ ಸೇರಿಸಿದ ಭಾಗಗಳ ಮುಂದೆ ನಿಂತು 'ಇದರ ಮೇಲೇ ರಾಯನ ದಂಡು ಏರಿತು' ಎಂದರೆ ಸುಳ್ಳು.

ಅಡುಗೆಯ ವಿಷಯದಲ್ಲಿ ಎಡವುವವರೇ ಹೆಚ್ಚು. ನಡಿಗೆಯ ಕೊನೆಗೆ ರೊಟ್ಟಿಯ ಬುತ್ತಿ ಕೊಡುವುದು ಚಂದ. ಜೋಳದ ರೊಟ್ಟಿಗೆ ಅಡ್ಡಿಯಿಲ್ಲ. ಆದರೆ ಜೊತೆಗೆ ಶೇಂಗಾ ಚಟ್ನಿಪುಡಿ ಇಟ್ಟರೆ ಕೆಟ್ಟಿತು. ಶೇಂಗಾ, ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ತಂಬಾಕು ಇವೆಲ್ಲ ಅಮೆರಿಕ ಖಂಡದಿಂದ ಬಂದವು. 1520ರ ರಾಯಚೂರಿನ ರೈತನ ತಾಟಿನಲ್ಲಿ ಅವು ಇರಲಿಲ್ಲ. ಅಗಸಿ ಇಲ್ಲವೆ ಎಳ್ಳು ಹುರಿದು, ಕಾಳುಮೆಣಸು, ಹುಣಸೆ, ಉಪ್ಪು ಹಾಕಿ ಕುಟ್ಟಿದ ಪುಡಿ ಕೊಡಿ. ಖಾರ ಬೇರೆ ಥರ ಇರುತ್ತದೆ, ತಿಂದವರು ತಾವಾಗಿಯೇ ಕೇಳುತ್ತಾರೆ. ಸುತ್ತಲಿನ ಹೊಲದ ಮಾತು ಬಂದಾಗಲೂ ಎಚ್ಚರ ಇರಲಿ. ಇಂದಿನ ಭತ್ತದ ಗದ್ದೆಗಳು ತುಂಗಭದ್ರಾ ಕಾಲುವೆಯ ಕೊಡುಗೆ. 1520ರವನು ಜೋಳ, ಹತ್ತಿಯ ಎರೆಹೊಲದ ಮಾತಾಡಬೇಕು.

ಯಾರ ವೇಷ?

ರಾಜನ ವೇಷ ಬೇಡ. ಎಲ್ಲರಿಗೂ ಮೊದಲು ಹೊಳೆಯುವುದು ಅದೇ, ಕೆಡುವುದೂ ಅದೇ. ಕೃಷ್ಣದೇವರಾಯ ಎಂದಕೂಡಲೇ ನಾಟಕ ಕಂಪನಿಯ ಕಿರೀಟ, ಮಿಂಚುವ ವೆಲ್ವೆಟ್ ಬರುತ್ತದೆ. ಜನ ಸೆಲ್ಫಿಗೆ ಮುಗಿಬೀಳುತ್ತಾರೆ, ಕೋಟೆ ಮರೆತೇಹೋಗುತ್ತದೆ.

ಈ ಮುತ್ತಿಗೆಯನ್ನು ವಿವರವಾಗಿ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಬರೆದದ್ದು ಮುತ್ತಿಗೆಯಾಗಿ ಸುಮಾರು ಹದಿನೈದು ವರ್ಷದ ಮೇಲೆ, ಅವರಿವರಿಂದ ಕೇಳಿ. ಹಾಗಾಗಿ ಅವನು ಕೊಡುವ ದಂಡಿನ ಲೆಕ್ಕವನ್ನು ಕಣ್ಣುಮುಚ್ಚಿ ಹೇಳಬೇಡಿ. ಆದರೆ ಅವನ ಬರಹದಲ್ಲಿ ನಡಿಗೆಗೆ ಬೇಕಾದ ಬಂಗಾರದಂಥ ಒಂದು ವಿವರವಿದೆ. ಕೋಟೆಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ 10, 20, 30, 40, 50 ಪಣದವರೆಗೆ ಕೊಡುತ್ತಿದ್ದರಂತೆ. ಹತ್ತು ಪಣಕ್ಕೆ ಒಂದು ವರಹ ಎಂದಿಟ್ಟುಕೊಂಡರೆ ದೊಡ್ಡ ಕಲ್ಲಿಗೆ ಐದು ವರಹ. ಮೇಲಿನಿಂದ ಬಾಣ, ಕಲ್ಲು ಬೀಳುತ್ತಿದ್ದರೂ ಜನ ಗೋಡೆಯ ಬುಡಕ್ಕೆ ಏಕೆ ನುಗ್ಗಿದರು ಎನ್ನುವುದಕ್ಕೆ ಬೇರೆ ಭಾಷಣ ಬೇಕಿಲ್ಲ. ಹಾಗಾಗಿ ಮುಖ್ಯ ಪಾತ್ರ ಹಾರೆ ಹಿಡಿದ ಕೂಲಿಯಾಳು. ಎರಡನೆಯದು, ಪಣ ಎಣಿಸಿ ಕೊಡುವ ನಾಯಕ. ನೀರು ಹಂಚುವವನನ್ನು ಮೂರನೆಯವನಾಗಿ ಸೇರಿಸಬಹುದು. ದಂಡಿನ ದಾರಿಯುದ್ದಕ್ಕೂ ತೊಗಲಚೀಲದಲ್ಲಿ ನೀರು ಕೊಡುವವರೇ 12,000 ಮಂದಿ ಇದ್ದರೆಂದು ನೂನಿಜ್ ಬರೆದಿದ್ದಾನೆ. ಸಂಖ್ಯೆ ಉಬ್ಬಿಸಿದ್ದಿರಬಹುದು, ಆದರೆ ಮೇ ತಿಂಗಳ ರಾಯಚೂರಿನ ಬಿಸಿಲು ಕಂಡವರಿಗೆ ಆ ಕೆಲಸದ ಬೆಲೆ ಗೊತ್ತು. ಬಂದವರಿಗೆ ನಿಜವಾಗಿಯೂ ನೀರು ಕೊಡಲು ಈ ಪಾತ್ರವೇ ಸಾಕು.

ಉಡುಪು

ಹಾರೆಯಾಳಿಗೆ ಹೊಲಿಗೆಯ ಬಟ್ಟೆ ಬೇಡ. ಬಿಳುಪು ಮಾಡದ ದಪ್ಪ ಕೋರಾ ಬಟ್ಟೆ 4 ಮೀಟರ್ ಕಚ್ಚೆಗೆ, ಎರಡೂವರೆ ಮೀಟರ್ ತಲೆಗೆ, 2 ಮೀಟರ್ ನಡುವಿಗೆ. ಕಚ್ಚೆ ಮೊಣಕಾಲಿನ ಮೇಲೆ ನಿಲ್ಲಬೇಕು. ಪಾದದವರೆಗೆ ಇಳಿದರೆ ಮೆಟ್ಟಿಲಲ್ಲಿ ಕಾಲಿಗೆ ಸಿಕ್ಕುತ್ತದೆ, ಕೂಲಿಯವನ ಹಾಗೂ ಕಾಣುವುದಿಲ್ಲ. ಹೊಸ ಬಟ್ಟೆಯ ಗಂಜಿ ಹೋಗುವವರೆಗೆ ಎರಡು ಮೂರು ಸಲ ಒಗೆದು, ಒಮ್ಮೆ ಕೆಮ್ಮಣ್ಣಿನ ತಿಳಿನೀರಿನಲ್ಲಿ ಅದ್ದಿ ಒಣಗಿಸಿ. ನಡುಪಟ್ಟಿ ಬಿಗಿಯಾಗಿ ಕಟ್ಟಿದರೆ ಸೇಫ್ಟಿ ಪಿನ್ ಬೇಕಾಗುವುದಿಲ್ಲ. ಕೈಗಡಿಯಾರ, ಕೆಂಪು ಪ್ಲಾಸ್ಟಿಕ್ ದಾರ, ಕನ್ನಡಕ ಇವನ್ನು ಕಡೆಯ ಸಲ ನೋಡಿಕೊಳ್ಳಿ. ಕನ್ನಡಕ ಇಲ್ಲದೆ ಮೆಟ್ಟಿಲು ಕಾಣದವರು ಹಾಕಿಕೊಳ್ಳಲೇಬೇಕು, ಬಿದ್ದು ಕಾಲು ಮುರಿದುಕೊಳ್ಳುವುದಕ್ಕಿಂತ ಅದು ಲೇಸು. ಬರಿಗಾಲು ಬೇಡ. ಕೋಟೆಯ ನೆಲದಲ್ಲಿ ಗಾಜಿನ ಚೂರು ಸಾಮಾನ್ಯ, ಹಳೇ ನಮೂನೆಯ ತೊಗಲ ಚಪ್ಪಲಿ ಇರಲಿ.

ನಾಯಕನಿಗೆ ಕಬಾಯಿ ಮತ್ತು ಕುಲ್ಲಾಯಿ. ಕಬಾಯಿ ಎಂದರೆ ಉದ್ದ ತೋಳಿನ ತೆಳು ಬಿಳಿ ನಿಲುವಂಗಿ. 44 ಇಂಚು ಅಗಲದ ಮಲ್‌ಮಲ್ ಮೂರೂವರೆ ಮೀಟರ್ ಸಾಕು. ಕುಲ್ಲಾಯಿ ಎತ್ತರದ ಜರಿ ಟೊಪ್ಪಿಗೆ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ, ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹದ ಮೂರ್ತಿಯಲ್ಲಿ ಇದರ ಆಕಾರ ಚೆನ್ನಾಗಿ ಕಾಣುತ್ತದೆ. ಮೊದಲು ದಪ್ಪ ಕಾಗದದಲ್ಲಿ ಮಾಡಿ ತಲೆಗಿಟ್ಟು ನೋಡಿ. ತಲೆಯ ಸುತ್ತಳತೆಗೆ ಒಂದೂವರೆ ಸೆಂಟಿಮೀಟರ್ ಸಡಿಲು, ಎತ್ತರ 25ರಿಂದ 30 ಸೆಂಟಿಮೀಟರ್, ಮೇಲೆ ಹೋದಂತೆ ಸ್ವಲ್ಪ ಕಿರಿದಾಗಿ ತುದಿ ದುಂಡು. ಒಳಗೆ ಹತ್ತಿ ಬಟ್ಟೆ, ನಡುವೆ ಬಕ್ರಮ್ (ಆಕಾರ ನಿಲ್ಲಿಸುವ ಗಟ್ಟಿ ಬಟ್ಟೆ), ಹೊರಗೆ ಜರಿ. 30 ದಾಟಿದರೆ ಗಾಳಿಗೆ ತೂಗಾಡುತ್ತದೆ, ನಾಯಕ ಒಂದು ಕೈಯಲ್ಲಿ ಟೊಪ್ಪಿಗೆ ಹಿಡಿದೇ ನಿಲ್ಲಬೇಕಾಗುತ್ತದೆ. ಬಕ್ರಮ್ಮನ್ನು ಅಂಟಿನಿಂದ ಕೂರಿಸಿದರೆ ಬೆವರಿಗೆ ಬಿಟ್ಟುಕೊಳ್ಳುತ್ತದೆ, ಹೊಲಿಯಲೇಬೇಕು. ಶೇರ್ವಾನಿ ಬಾಡಿಗೆಗೆ ಸುಲಭವಾಗಿ ಸಿಗುತ್ತದೆಂದು ಬಿಜಾಪುರದ ಪಾತ್ರಕ್ಕೆ ಅದನ್ನು ತೊಡಿಸುವುದುಂಟು. ಅದು ಮೂರು ಶತಮಾನ ಈಚಿನ ಉಡುಪು. ಕಬಾಯಿಯಂಥ ನಿಲುವಂಗಿ ಎರಡೂ ಆಸ್ಥಾನಗಳಲ್ಲಿ ಇತ್ತು. ಕುಲ್ಲಾಯಿಯ ಬದಲು ರುಮಾಲು ಸುತ್ತಿದರೆ ಅದೇ ಅಂಗಿ ಬಿಜಾಪುರದವನಿಗೂ ಆಗುತ್ತದೆ.

ನಿಲ್ಲುವ ಜಾಗಗಳು

ಐದು ನಿಲುಗಡೆ, ಒಂದೊಂದಕ್ಕೆ ಸರಾಸರಿ ಎಂಟು ನಿಮಿಷ, ನಡೆಯಲು ಅರ್ಧ ಗಂಟೆ, ಪ್ರಶ್ನೆಗಳಿಗೆ ಕಾಲು ಗಂಟೆ. ಒಟ್ಟು ಒಂದೂವರೆ ಗಂಟೆಯೊಳಗೆ ಮುಗಿಯಬೇಕು. ಗುಂಪಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಡ. ಬಸ್ಸಿನ ಹಾರ್ನ್ ನಡುವೆ ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ. ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರನ್ನು ನಡುಪಟ್ಟಿಯೊಳಗೆ ಅಡಗಿಸಬಹುದು. ವೇಷವಿಲ್ಲದ ಒಬ್ಬರು ಗುಂಪಿನ ಹಿಂದೆ ಇರಲೇಬೇಕು. ಕಾಲ ನವೆಂಬರಿನಿಂದ ಫೆಬ್ರವರಿ, ಬೆಳಿಗ್ಗೆ ಏಳಕ್ಕೆ.

ಎಲ್ಲ ನಿಲುಗಡೆಗಳನ್ನೂ ಇಲ್ಲಿ ಬಿಡಿಸುವುದಿಲ್ಲ. ಹೆಚ್ಚು ಹೊತ್ತು ಕೊಡಬೇಕಾದದ್ದು ಒಳಕೋಟೆಯ ಪಡುವಣ ಗೋಡೆಯಲ್ಲಿರುವ ಉದ್ದ ಕಲ್ಲಿಗೆ. 41 ಅಡಿ 8 ಇಂಚು ಉದ್ದದ ಒಂದೇ ಬಂಡೆ, ಅದರ ಮೇಲೆ 1294ರ ತೆಲುಗು ಶಾಸನ. ಅಲ್ಲೇ ಗೋಡೆಯ ಮೇಲೆ, ಅಂಥ ಬಂಡೆಯನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುವ ಚಿತ್ರವನ್ನು ಗೆರೆಯಲ್ಲಿ ಕೊರೆದಿದ್ದಾರೆ. ಕಟ್ಟಿದವರೇ ತಮ್ಮ ಕೆಲಸದ ಚಿತ್ರ ಬಿಟ್ಟುಹೋಗಿರುವುದು ಅಪರೂಪ. ಸಾಮಾನ್ಯವಾಗಿ ಮಾರ್ಗದರ್ಶಿಗಳು ಉದ್ದ ಹೇಳಿ ಮುಂದೆ ನಡೆಯುತ್ತಾರೆ, ಸಂಖ್ಯೆ ಕಿವಿಯಲ್ಲೇ ಉಳಿಯುತ್ತದೆ. ಅದರ ಬದಲು 41 ಅಡಿ 8 ಇಂಚಿನ ಒಂದು ಹಗ್ಗ ಒಯ್ಯಿರಿ. ಕಲ್ಲಿಗೆ ತಾಗಿಸದೆ ನೆಲದ ಮೇಲೆ ಚಾಚಿ, ಗುಂಪಿನವರನ್ನು ಅದರುದ್ದಕ್ಕೂ ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ. ಇಪ್ಪತ್ತೂ ಮಂದಿ ನಿಂತ ಮೇಲೂ ಹಗ್ಗ ಮಿಗುತ್ತದೆ. ಆಮೇಲೆ ಕೋಣಗಳ ಸಾಲಿನತ್ತ ಕೈ ತೋರಿಸಿ.

ಕೊರೆದ ಗೆರೆಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಎಲ್‌ಇಡಿ ಟಾರ್ಚನ್ನು ಗೋಡೆಗೆ ಸಮಾನಾಂತರವಾಗಿ, ಪಕ್ಕದಿಂದ ಓರೆಯಾಗಿ ಹಿಡಿದರೆ ಪ್ರತಿ ಗೆರೆಗೂ ನೆರಳು ಬಿದ್ದು ಚಿತ್ರ ಎದ್ದು ಬರುತ್ತದೆ. ಸೀಮೆಸುಣ್ಣ ತಿಕ್ಕಿ ಅಕ್ಷರ ತೋರಿಸುವ ಕೆಟ್ಟ ಚಾಳಿಯನ್ನು ಕಲಿಯಲೇಬೇಡಿ. ಸುಣ್ಣ ಗೆರೆಯೊಳಗೆ ಕೂತುಬಿಡುತ್ತದೆ, ತೆಗೆಯಲು ಹೋದರೆ ಕಲ್ಲೇ ಸವೆಯುತ್ತದೆ.

ಇಲ್ಲಿ ಒಂದು ತೊಡಕಿದೆ. ನಮ್ಮ ಹಾರೆಯಾಳಿಗೆ ಓದು ಬರಹ ಇಲ್ಲ, ಗಂಗಯ್ಯ ರೆಡ್ಡಿಯ ಹೆಸರೂ ಗೊತ್ತಿರಲಾರದು. ಶಾಸನ ವಿವರಿಸಲು ಅವನು ಪಾತ್ರದಿಂದ ಹೊರಬರಬೇಕು. ಅದಕ್ಕೊಂದು ಗುರುತು ಇಟ್ಟುಕೊಳ್ಳಿ: ತಲೆಯ ಬಟ್ಟೆ ತೆಗೆದು ಹೆಗಲಿಗೆ ಹಾಕಿದರೆ ಇಂದಿನ ಮಾತು, ಮತ್ತೆ ಸುತ್ತಿದರೆ 1520. ಶುರುವಿನಲ್ಲೇ ಇದನ್ನು ಹೇಳಿಬಿಟ್ಟರೆ ಮಕ್ಕಳು ಕೂಡ ತಪ್ಪದೆ ಹಿಡಿಯುತ್ತಾರೆ.

ಪಾತ್ರದ ಭಾಷೆ ಇಂದಿನ ರಾಯಚೂರಿನ ಆಡುಮಾತೇ ಇರಲಿ. ಹಳಗನ್ನಡದ ವಾಸನೆ ಹಚ್ಚಿದರೆ ನಗೆಪಾಟಲಾಗುತ್ತದೆ. ಮೂಡಣ ಬದಿಯ ಕಾಟಿ ದರ್ವಾಜಾದ ಕಡೆ ಆಡಿಸಬಹುದಾದ ಒಂದು ತುಣುಕು ಹೀಗೆ:

"ಈ ಕಡಿ ಬರ್ರಿ, ಅಲ್ಲಿ ನಿಂದ್ರಬ್ಯಾಡ್ರಿ, ಮ್ಯಾಲಿಂದ ಕಲ್ಲು ಬೀಳ್ತಾವ. ನಿನ್ನಿ ಒಂದು ಸಣ್ಣದು ಕಿತ್ತೀನಿ, ಹತ್ತು ಪಣ ಕೊಟ್ಟಾರ. ಇವತ್ತು ಆ ಮೂಲಿ ಕಲ್ಲು ಅಲುಗಾಡಾಕತ್ತೈತಿ. ಅದು ಬಿತ್ತಂದ್ರ ಐವತ್ತು. ನೀವೂ ಒಂದ್ ಕೈ ಹಚ್ಚರಿ ಯಪ್ಪಾ, ಹಂಚಿಕೊಳ್ಳೂಣು."

ಆಗ ಗುಂಪಿನವರಿಗೆ ಸ್ಪಂಜಿನ ಮೇಲೆ ಗೋಣಿಬಟ್ಟೆ ಹೊಲಿದು ಮಾಡಿದ ಐದು ಗಾತ್ರದ 'ಕಲ್ಲು'ಗಳನ್ನು ಹೊರಿಸಿ, ನಾಯಕನಿಂದ ಹಿತ್ತಾಳೆ ಬಿಲ್ಲೆ ಎಣಿಸಿ ಕೊಡಿಸಿ. ಕೋಟೆಯ ನಿಜವಾದ ಒಂದು ಹರಳನ್ನೂ ಯಾರೂ ಎತ್ತಬಾರದು. ಹಾರೆ ಮರದ್ದು, ಕಪ್ಪು ಬಣ್ಣ ಬಳಿದದ್ದು. ಗೋಡೆಯಿಂದ ಎರಡು ಮಾರು ದೂರದಲ್ಲೇ ಆಟ. ಕತ್ತಿ, ಬತ್ತಿ ಬಂದೂಕು ಕೂಡ ಮರದವೇ ಆಗಿರಲಿ. ಮದ್ದು, ಪಟಾಕಿ, ಪಂಜು ಯಾವುದೂ ಬೇಡ.

ಬಂದೂಕಿನ ಕಥೆಯನ್ನು ಇಲ್ಲೇ ಹೇಳಬೇಕು. ಕ್ರಿಸ್ಟೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ್ ವ್ಯಾಪಾರಿ ತನ್ನ ಬಂದೂಕಿನವರ ಜೊತೆ ಬಂದು, ಗೋಡೆಯ ಮೇಲೆ ತಲೆ ಎತ್ತಿದವರಿಗೆ ಗುರಿಯಿಟ್ಟು ಹೊಡೆದ. ಮೇಲಿನವರು ತಲೆ ಎತ್ತದಂತಾದಾಗ ಕೆಳಗಿನವರು ನಿರಾಳವಾಗಿ ಕಲ್ಲು ಕಿತ್ತರು. ಕೋಟೆಯ ಅಧಿಕಾರಿ ಇಣುಕಿ ನೋಡಲು ಹೋಗಿ ಹಣೆಗೆ ಗುಂಡು ಬಿದ್ದು ಸತ್ತ, ಕೋಟೆ ಶರಣಾಯಿತು. ಹಾರೆಯಾಳು ಫಿಗೆರೆದೊನ ಹೆಸರು ಹೇಳಬಾರದು, 'ಪರಂಗಿಯವ' ಎಂದರೆ ಸಾಕು.

ಹೆಚ್ಚಾಗಿ ಆಗುವ ತಪ್ಪುಗಳು

'ರಾಯಚೂರು ಕದನ' ಕೋಟೆಯ ಬಾಗಿಲಲ್ಲಿ ನಡೆಯಿತೆಂದು ಹೇಳುವುದು ಮೊದಲನೆಯದು. 1520ರ ಮೇ 19ರ ದೊಡ್ಡ ಕಾಳಗ ನಡೆದದ್ದು ಉತ್ತರಕ್ಕೆ, ಆದಿಲ್‌ಶಾಹ ದಾಟಿಬಂದ ಕೃಷ್ಣಾ ನದಿಯ ಕಡೆ. ಮುತ್ತಿಗೆ ಅದಕ್ಕೆ ಮೊದಲೇ ಶುರುವಾಗಿತ್ತು. ಕಾಳಗ ಗೆದ್ದು ಮರಳಿದ ಮೇಲೆ ಕೋಟೆ ಬಿತ್ತು. ಇದನ್ನು ಎತ್ತರದ ಜಾಗದಿಂದ ಉತ್ತರ ದಿಕ್ಕಿಗೆ ತೋರಿಸಿ ಹೇಳಿದರೆ ಗೊಂದಲವಾಗುವುದಿಲ್ಲ.

ಎರಡನೆಯದು, ಇದನ್ನು ಎರಡು ಧರ್ಮಗಳ ಜಗಳ ಮಾಡುವುದು. ರಾಯನ ದಂಡಿನಲ್ಲಿ ಮುಸ್ಲಿಂ ಸೈನಿಕರಿದ್ದರು, ಪೋರ್ಚುಗೀಸರು ಎರಡೂ ಕಡೆ ಇದ್ದರು. ಜಗಳ ಕೃಷ್ಣಾ, ತುಂಗಭದ್ರೆಗಳ ನಡುವಿನ ಎರೆನೆಲಕ್ಕಾಗಿ. ಗುಂಪಿನಲ್ಲಿ ಒಬ್ಬರಾದರೂ ಈ ಪ್ರಶ್ನೆ ಎತ್ತುತ್ತಾರೆ, ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಿ.

ಪಾತ್ರ ಮುಂದಿನ ಸಂಗತಿ ಹೇಳಿಬಿಡುವುದು ಇನ್ನೊಂದು. 1565ರಲ್ಲಿ ವಿಜಯನಗರ ಸೋತ ತಾಳಿಕೋಟೆ ಕದನ ಅವನಿಗೆ ಗೊತ್ತಿಲ್ಲ. ಯಾರಾದರೂ ಕೇಳಿದರೆ ತಲೆಯ ಬಟ್ಟೆ ತೆಗೆದು ಉತ್ತರಿಸಬೇಕು.

ಅನುಮತಿಗೆ ಹೊರಡುವ ಮುಂಚೆ ಸ್ಥಳದಲ್ಲಿರುವ ಫಲಕ ಓದಿ ಸ್ಮಾರಕ ಯಾವ ಇಲಾಖೆಯದೆಂದು ತಿಳಿದುಕೊಳ್ಳಿ, ಅರ್ಜಿ ಅಲ್ಲಿಗೇ ಕೊಡಿ. ದಿನ, ಹೊತ್ತು, ಜನರ ಸಂಖ್ಯೆ, ಒಯ್ಯುವ ಸಾಮಾನಿನ ಪಟ್ಟಿ, ಕ್ಯಾಮೆರಾ ಸ್ಟ್ಯಾಂಡ್ ಇದ್ದರೆ ಅದು ಕೂಡ ಬರೆಯಿರಿ. ಕೇಂದ್ರದ ರಕ್ಷಣೆಯ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಮಸೀದಿ, ದರ್ಗಾ, ಗುಡಿಗಳ ಒಳಗೆ ಪಾತ್ರ ಆಡಬೇಡಿ, ಹೊರಗೇ ನಿಂತು ಹೇಳಿ. ಒಂದೇ ಮಿನಾರಿನ ಮಸೀದಿಯ ಕಡೆ ಹೋಗುವುದಿದ್ದರೆ ನಮಾಜಿನ ಹೊತ್ತು ತಪ್ಪಿಸಿ, ಶುಕ್ರವಾರ ನಡಿಗೆಯನ್ನೇ ಇಟ್ಟುಕೊಳ್ಳಬೇಡಿ.

ಮುಗಿದ ಮೇಲೆ ಕೋರಾ ಬಟ್ಟೆಗಳನ್ನು ಅದೇ ದಿನ ನೀರಿಗೆ ಹಾಕಿ. ಉಪ್ಪಿನ ಬೆವರು ಕೂತರೆ ಹಳದಿ ಕಲೆ ಹೋಗುವುದಿಲ್ಲ. ಕುಲ್ಲಾಯಿ ಒಗೆಯುವಂತಿಲ್ಲ. ಅದರ ಒಳ ಅಂಚಿಗೆ ನಾಲ್ಕು ಸೆಂಟಿಮೀಟರ್ ಅಗಲದ ಹತ್ತಿ ಪಟ್ಟಿಯನ್ನು ಸಡಿಲ ಹೊಲಿಗೆಯಲ್ಲಿ ಹಾಕಿಟ್ಟು, ಪ್ರತಿ ನಡಿಗೆಯ ಮೇಲೆ ಅದನ್ನಷ್ಟೇ ಬಿಚ್ಚಿ ಒಗೆದು ಮತ್ತೆ ಹೊಲಿಯಿರಿ.