ಪಟ ಬೇರೆ, ಪಠ್ಯ ಬೇರೆ

"ಸುತ್ತೋಲೆಯ ಪೂರ್ಣ ಪಠ್ಯ ಲಗತ್ತಿಸಿದೆ."

ನಮ್ಮ ಅಪಾರ್ಟ್‌ಮೆಂಟ್ ಸಂಘದಿಂದ ಕಳೆದ ವಾರ ಬಂದ ಇಮೇಲಿನಲ್ಲಿ ಇದ್ದದ್ದು ಇದೊಂದೇ ವಾಕ್ಯ. ಕಾವೇರಿ ನೀರು ಯಾವ ದಿನ ಬರುವುದಿಲ್ಲ, ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ, ಯಾರಿಗೆ ಫೋನ್ ಮಾಡಬೇಕು, ಎಲ್ಲವೂ ಲಗತ್ತಿನಲ್ಲಿ. ತೆರೆದು ನೋಡಿದರೆ, ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಹಾಳೆಯ ಫೋಟೊ. ಮೂಲೆಯಲ್ಲಿ ಯಾರದೋ ಹೆಬ್ಬೆರಳು ಬೇರೆ. ಮೂರನೇ ಮಹಡಿಯಲ್ಲಿರುವ ನನ್ನ ಗೆಳೆಯರಿಗೆ ಕಣ್ಣು ಕಾಣುವುದಿಲ್ಲ. ಅವರ ಲ್ಯಾಪ್‌ಟಾಪು ಆ ಲಗತ್ತಿಗೆ "ಗ್ರಾಫಿಕ್" ಎಂದಷ್ಟೇ ಹೇಳಿ ಸುಮ್ಮನಾಯಿತಂತೆ. ಕಾರ್ಯದರ್ಶಿಗೆ ಫೋನ್ ಮಾಡಿ "ಪಠ್ಯ ಎಲ್ಲಿದೆ ಸಾರ್?" ಎಂದರೆ, "ಅದರಲ್ಲೇ ಇದೆಯಲ್ಲ ಸಾರ್, ಓಪನ್ ಮಾಡಿ ನೋಡಿ" ಎಂಬ ಉತ್ತರ.

ಇಲ್ಲಿ ಅನ್ಯಾಯವಾಗಿರುವುದು ಗೆಳೆಯರೊಬ್ಬರಿಗೇ ಅಲ್ಲ, ಪದಕ್ಕೂ ಆಗಿದೆ.

ಪಠ್ಯದ ಬೇರು ಸಂಸ್ಕೃತದ ಪಠ್ ಧಾತು. ಗಟ್ಟಿಯಾಗಿ ಓದು, ಬಾಯಲ್ಲಿ ಹೇಳು ಎಂಬುದು ಅದರ ಅರ್ಥ. ಪಾಠ, ಪಠಣ, ಪಾಠಕ ಎಲ್ಲ ಅದೇ ಬಳಗ. ಶಾಲೆಯಲ್ಲಿ ನಾವು ಪಾಠ 'ಒಪ್ಪಿಸುತ್ತಿದ್ದೆವು', ಅಂದರೆ ಎದ್ದುನಿಂತು ಬಾಯಲ್ಲಿ ಹೇಳುತ್ತಿದ್ದೆವು. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಬ್ರಹ್ಮ ಋಗ್ವೇದದಿಂದ 'ಪಾಠ್ಯ'ವನ್ನು ಎತ್ತಿಕೊಂಡ ಎಂದು ಬರುತ್ತದೆ. ಅಲ್ಲಿಯೂ ಅದು ರಂಗದ ಮೇಲೆ ನುಡಿಯುವ ಮಾತು. ಕೊನೆಯ 'ಯ' ಪ್ರತ್ಯಯಕ್ಕೆ 'ತಕ್ಕದ್ದು' ಎಂಬ ಅರ್ಥ. ಖಾದ್ಯ ತಿನ್ನತಕ್ಕದ್ದು, ಪೇಯ ಕುಡಿಯತಕ್ಕದ್ದು, ಪಠ್ಯ ಪಠಿಸತಕ್ಕದ್ದು. ಇಂಗ್ಲಿಷಿನ ಟೆಕ್ಸ್ಟ್ ಪದದ ಮೂಲ ಲ್ಯಾಟಿನ್ನಿನ ನೇಯ್ಗೆ. ಅದಕ್ಕೂ ದನಿಗೂ ನಂಟಿಲ್ಲ. ನಮ್ಮ ಪದಕ್ಕೆ ಹುಟ್ಟಿನಿಂದಲೇ ನಂಟು. (ಇದನ್ನು 'ಪಥ್ಯ' ಎಂದು ಬರೆಯುವವರಿದ್ದಾರೆ. ಅದು ಕಾಯಿಲೆ ಬಿದ್ದವರು ಮಾಡುವಂಥದ್ದು.)

ಅಚ್ಚುಮೊಳೆ ಬಂದ ಮೇಲೆ ಪಠ್ಯ ಎಂದರೆ 'ಅಕ್ಷರ ಕಾಣುವ ಎಲ್ಲವೂ' ಎಂದಾಯಿತು. ಕಾಗದದ ಕಾಲಕ್ಕೆ ಅದು ನಡೆಯಿತು, ಓದುವವರೂ ಕಣ್ಣಿಂದಲೇ ಓದುತ್ತಿದ್ದರಲ್ಲ. ಈಗ ಪರದೆಯ ಮೇಲಿನದನ್ನು ಬಾಯಿಬಿಟ್ಟು ಪಠಿಸುವ ತಂತ್ರಾಂಶಗಳಿವೆ. ಸ್ಕ್ರೀನ್ ರೀಡರ್ ಎನ್ನುತ್ತಾರೆ. ಗೆಳೆಯರು ಬಳಸುವುದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರುಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಅದು ಓದುವುದು ಅಕ್ಷರದ ಹಿಂದಿರುವ ಸಂಕೇತವನ್ನು, ಆಕಾರವನ್ನಲ್ಲ. ಫೋಟೊದಲ್ಲಿ ಇರುವುದು ಬರಿಯ ಬಣ್ಣದ ಚುಕ್ಕೆ, ಸಂಕೇತವೇ ಇಲ್ಲ. ದರ್ಶಿನಿಯ ಗೋಡೆಯ ಮೇಲಿನ ಮಸಾಲೆದೋಸೆಯ ಚಿತ್ರವನ್ನು ಯಾರೂ ಖಾದ್ಯ ಎನ್ನುವುದಿಲ್ಲ. ನೋಟಿಸಿನ ಪಟವನ್ನು ಪಠ್ಯ ಎನ್ನುವುದಕ್ಕೆ ಮಾತ್ರ ನಮಗೆ ಸಂಕೋಚವಿಲ್ಲ.

"ಓಸಿಆರ್ ಇದೆಯಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ ಅದು. ಇದೆ. ವಾರೆಯಾಗಿ ತೆಗೆದ ಫೋಟೊದಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಪದ ತಪ್ಪಿದರೆ ಸಂದರ್ಭದಿಂದ ಊಹಿಸಬಹುದು, ಟ್ಯಾಂಕರಿನವನ ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಏನನ್ನು ಊಹಿಸುವುದು? ಇನ್ನು ಪೂರ್ತಿ ಕುರುಡಿಲ್ಲದೆ ಮಂದದೃಷ್ಟಿ ಇರುವವರ ಪಾಡು. ಪಠ್ಯವನ್ನು ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿಯೇ ಇರುತ್ತದೆ, ಕಪ್ಪು ಹಿನ್ನೆಲೆಗೆ ಹಳದಿ ಅಕ್ಷರ ಬೇಕಿದ್ದರೆ ಹಾಗೂ ಮಾಡಿಕೊಳ್ಳಬಹುದು. ಫೋಟೊ ಹಿಗ್ಗಿಸಿದಷ್ಟೂ ಮಬ್ಬು.

ಹಾಗಾದರೆ ಟೈಪ್ ಮಾಡಿದ್ದೆಲ್ಲ ಪಠ್ಯವೇ? ಅದೂ ಅಲ್ಲ, ಕನ್ನಡದ ಮಟ್ಟಿಗಂತೂ ಅಲ್ಲ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತ ನೋಡಲು ಅಚ್ಚ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. 'ಕನ್ನಡ' ಎಂಬ ಪದದ ವೇಷ ಕಳಚಿದರೆ ಪಿ, ತಲೆಗೆರೆಯ ಎ, ಪೌಂಡ್ ಚಿಹ್ನೆ, ಮತ್ತೆ ಎ, ಜರ್ಮನ್ನಿನ ಒಂದು ಅಕ್ಷರ, ಕ್ಯೂ, ಮತ್ತೆ ಎ. ಸ್ಕ್ರೀನ್ ರೀಡರ್ ಪಠಿಸುವುದು ಈ ಮಂತ್ರವನ್ನೇ. ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ, ನುಡಿಯಲ್ಲೇ ಅದು ಬಂದು ವರ್ಷಗಳಾದವು. ಆದರೂ ಬೆಂಗಳೂರಿನ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಕೈಗೆ ಹತ್ತಿದ್ದು ಹಳೆಯದೇ, ಇಮೇಲಿಗೆ ಲಗತ್ತಾಗಿ ಬರುವುದೂ ಅದೇ.

ಯೂನಿಕೋಡಿನಲ್ಲೇ ಬರೆದರೂ ಬೀಳಲು ಒಂದು ಗುಂಡಿ ಇದೆ. ನನಗೆ ಅತಿ ಹೆಚ್ಚು ಸಿಟ್ಟು ತರಿಸುವುದು ಇದು. 'ಬೆಂಗಳೂರು', 'ಬೆ೦ಗಳೂರು'. ಎರಡೂ ಒಂದೇ ಅನ್ನಿಸಿತೇ? ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಕಣ್ಣಿಗೆ ಎರಡೂ ಅದೇ ದುಂಡು. ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 3202, ಅಂಕಿಯದು 3302, ನಡುವೆ ಸರಿಯಾಗಿ ನೂರು ಮನೆಗಳ ದೂರ. ಅನುಸ್ವಾರವನ್ನೂ ನಾವು 'ಸೊನ್ನೆ' ಎಂದೇ ಕರೆದು ಬೆಳೆದವರು, 'ಕ ಸೊನ್ನೆ ಕಂ' ಎಂದು ಕಲಿತವರು. ಟೈಪ್ ಮಾಡುವವರ ಬೆರಳು ಎಡವುವುದರಲ್ಲಿ ಆಶ್ಚರ್ಯವಿಲ್ಲ. ಕೇಳುವವರಿಗೆ ಮಾತ್ರ ಊರು ನಡುವೆ ಮುರಿದು 'ಬೆ', 'ಸೊನ್ನೆ', 'ಗಳೂರು' ಆಗುತ್ತದೆ. ಇಮೇಲಿನಲ್ಲಿ 'ಬೆಂಗಳೂರು' ಎಂದು ಹುಡುಕಿದರೆ ಆ ಕಾಗದ ಸಿಗುವುದೂ ಇಲ್ಲ. ಇದು ಕಣ್ಣಿರುವವರಿಗೂ ನಷ್ಟವೇ, ಅವರಿಗೆ ಗೊತ್ತಾಗುವುದಿಲ್ಲ ಅಷ್ಟೆ.

'ಪರ್ಯಾಯ ಪಠ್ಯ' ಎಂಬ ಇನ್ನೊಂದು ಮಾತಿದೆ, ಆಲ್ಟ್ ಟೆಕ್ಸ್ಟ್. ಚಿತ್ರ ಹಾಕಲೇಬೇಕಾದರೆ ಅದರ ಬದಲಿಗೆ ಕೇಳಿಸುವ ಮಾತು. ಔಟ್‌ಲುಕ್‌ನಂಥ ಇಮೇಲ್ ತಂತ್ರಾಂಶಗಳಲ್ಲಿ ಅದಕ್ಕೆ ಜಾಗವಿದೆ. ಆ ಜಾಗದಲ್ಲಿ 'ಫೋಟೊ' ಎಂದು ತುಂಬುವ ಪುಣ್ಯಾತ್ಮರೂ ಇದ್ದಾರೆ! ಫೋಟೊ ಎಂಬುದು ಕೇಳುವವರಿಗೆ ಆಗಲೇ ಗೊತ್ತಿದೆ, ಅದರಲ್ಲಿ ಏನಿದೆ ಎಂಬುದೇ ಬೇಕಿರುವುದು. 'ಇಲ್ಲಿ ಕ್ಲಿಕ್ ಮಾಡಿ'ಯೂ ಇದೇ ಜಾತಿ. ಸ್ಕ್ರೀನ್ ರೀಡರ್ ಬಳಸುವವರು ಇಮೇಲಿನಲ್ಲಿರುವ ಕೊಂಡಿಗಳನ್ನಷ್ಟೇ ಪಟ್ಟಿಯಾಗಿ ಕೇಳಿಸಿಕೊಳ್ಳುವುದುಂಟು. ಆರು ಸಲ 'ಇಲ್ಲಿ ಕ್ಲಿಕ್ ಮಾಡಿ' ಎಂದು ಕೇಳಿಸಿದರೆ ಯಾವ ಇಲ್ಲಿ? 'ನಿರ್ವಹಣಾ ಶುಲ್ಕ ಕಟ್ಟಿ' ಎಂದು ಕೊಂಡಿಗೇ ಹೆಸರಿಟ್ಟರೆ ಮುಗಿಯಿತು.

ಇದನ್ನೆಲ್ಲ ದಯೆ, ಉಪಕಾರ ಎಂದುಕೊಳ್ಳುವುದೂ ಬೇಡ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಸೆಕ್ಷನ್, ಮುದ್ರಿತ ಮತ್ತು ವಿದ್ಯುನ್ಮಾನ ಮಾಧ್ಯಮದಲ್ಲಿರುವ ವಿಷಯ ಅವರಿಗೆ ನಿಲುಕುವ ರೂಪದಲ್ಲಿ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆಯೇ ಹಾಕಿದೆ.

ಇನ್ನು ಪರೀಕ್ಷೆ. ಲಗತ್ತಿನ ಒಂದು ಸಾಲನ್ನು ಮೌಸಿನಿಂದ ಎಳೆದು ಆಯ್ದುಕೊಳ್ಳಿ. ಆಯ್ಕೆಯಾಗದಿದ್ದರೆ ಅದು ಪಟ. ಆಯ್ಕೆಯಾದರೆ ನಕಲು ಮಾಡಿ ಹೊಸ ಇಮೇಲಿನಲ್ಲಿ ಫಾಂಟು ಬಿಟ್ಟು ಬರಿಯ ಅಕ್ಷರವಾಗಿ (ಪೇಸ್ಟ್ ಆಸ್ ಪ್ಲೇನ್ ಟೆಕ್ಸ್ಟ್) ಅಂಟಿಸಿ. ಪೌಂಡು, ಕ್ಯೂ ಉದುರಿದರೆ ವೇಷ. ಎರಡರಲ್ಲೂ ಪಾಸಾದರೆ ಪಠ್ಯ ಎನ್ನಲು ನನ್ನ ಅಭ್ಯಂತರವಿಲ್ಲ. ಅಷ್ಟಾದ ಮೇಲೆ ಲಗತ್ತು ಯಾಕೆ, ಅಂಟಿಸಿದ್ದನ್ನೇ ಕಳಿಸಬಹುದಲ್ಲ?

ಸಂಘದವರು ಮಾರನೆಯ ದಿನ ನೋಟಿಸನ್ನು ಟೈಪ್ ಮಾಡಿಯೇ ಕಳಿಸಿದರು. ಗೆಳೆಯರು ಸಂಜೆ ಲಿಫ್ಟಿನ ಹತ್ತಿರ ಸಿಕ್ಕಿ, "ನೀರು ಮಂಗಳವಾರ ಬರಲ್ಲ ಕಣ್ರೀ, ಗೊತ್ತಾಯ್ತು. ಆದ್ರೆ ಟ್ಯಾ ಸೊನ್ನೆ ಕರ್ ಬರುತ್ತಂತೆ" ಎಂದರು.