ಒಂದು ಎಲ್‌ಪಿಯ ಬೆಲೆಗೆ ಎರಡು: ಪಂಕ್ ಸಂಗೀತದ ಚೌಕಟ್ಟು ಮೀರಿದ ‘ಲಂಡನ್ ಕಾಲಿಂಗ್’

1979ರ ಡಿಸೆಂಬರ್ 14ರಂದು ಬ್ರಿಟನ್ನಿನ ಅಂಗಡಿಗಳಿಗೆ ಬಂದ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನಲ್ಲಿ ಎರಡು ಎಲ್‌ಪಿಗಳಿದ್ದವು (ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಗಳು), 19 ಹಾಡುಗಳಿದ್ದವು, ಆದರೆ ಬೆಲೆ ಮಾತ್ರ ಒಂದೇ ಎಲ್‌ಪಿಯದು. ಬಂಡಾಯದ ರಾಕ್ ಸಂಗೀತವಾದ ಪಂಕ್ ಎಂದರೆ ಮೂರು ಕಾರ್ಡ್ (ಗಿಟಾರಿನ ಸ್ವರಜೋಡಣೆ), ಎರಡು ನಿಮಿಷ ಮತ್ತು ಒಂದಿಷ್ಟು ಕಿರುಚಾಟ ಎಂದು ಆಗಲೇ ತೀರ್ಮಾನವಾಗಿತ್ತು. ಲಂಡನ್ನಿನ ಪಂಕ್ ತಂಡವಾದ ದಿ ಕ್ಲ್ಯಾಶ್‌ನ ಈ ಮೂರನೆಯ ಆಲ್ಬಮ್ಮಿನಲ್ಲಿಯೋ ಜಮೈಕಾದ ರೆಗೆ ಮತ್ತು ಸ್ಕಾ, ಹಳೆಯ ರಾಕ್ ಅಂಡ್ ರೋಲ್‌ನ ರಾಕಬಿಲಿ, ಜಾಜ್‌ನ ಛಾಯೆ, ಪಿಯಾನೊ, ತುತ್ತೂರಿಗಳು ಎಲ್ಲವೂ ಇದ್ದವು. ಪಂಕ್‌ನ ಲಕ್ಷಣಗಳನ್ನು ಹೀಗೆ ಒಂದೊಂದಾಗಿ ಬಿಟ್ಟುಕೊಟ್ಟ ಆಲ್ಬಮ್ಮೇ ಪಂಕ್‌ನ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ನಿಂತದ್ದು ಹೇಗೆಂದು ತಿಳಿಯಲು ಅದಕ್ಕೂ ಎರಡು ಮೂರು ವರ್ಷ ಹಿಂದಕ್ಕೆ ಹೋಗಬೇಕು.

1977ರ ಜನವರಿಯಲ್ಲಿ ಕ್ಲ್ಯಾಶ್ ತಂಡ ಸಿಬಿಎಸ್ ಎಂಬ ರೆಕಾರ್ಡ್ ಕಂಪನಿಯೊಂದಿಗೆ ಒಂದು ಲಕ್ಷ ಪೌಂಡಿನ ಒಪ್ಪಂದಕ್ಕೆ ಸಹಿ ಹಾಕಿತು. ದೊಡ್ಡ ಕಂಪನಿಗಳನ್ನು ಬೈಯುವುದನ್ನೇ ಧರ್ಮವೆಂದುಕೊಂಡಿದ್ದ ಅಭಿಮಾನಿಗಳಲ್ಲಿ ಹಲವರಿಗೆ ಇದು ದ್ರೋಹವಾಗಿ ಕಂಡಿತು; ಪಂಕ್ ಸತ್ತದ್ದೇ ಅಂದು ಎಂಬ ಮಾತೂ ಬಂತು. ಗಾಯಕ ಜೋ ಸ್ಟ್ರಮ್ಮರ್ ಮೇಲೆ ಇನ್ನೊಂದು ಆಕ್ಷೇಪವೂ ಇತ್ತು. ಬೀದಿಯ ಹುಡುಗರ ಪರವಾಗಿ ಹಾಡುತ್ತಿದ್ದ ಅವರು ಬ್ರಿಟಿಷ್ ವಿದೇಶಾಂಗ ಸೇವೆಯ ನೌಕರನ ಮಗ. ಹುಟ್ಟಿದ್ದು ಟರ್ಕಿಯ ಅಂಕಾರಾದಲ್ಲಿ, ಓದಿದ್ದು ವಸತಿಶಾಲೆಯಲ್ಲಿ. (ಅವರ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ.) ಅತ್ತ ಅಮೆರಿಕದಲ್ಲಿ ಸಿಬಿಎಸ್ ತಂಡದ ಮೊದಲ ಆಲ್ಬಮ್ಮನ್ನು ಬಿಡುಗಡೆಗೆ ತಕ್ಕದ್ದಲ್ಲವೆಂದು ತಡೆಹಿಡಿದು, 1979ರಲ್ಲಷ್ಟೇ ಹಾಡುಗಳನ್ನು ಬದಲಿಸಿ ಹೊರತಂದಿತು. ಇಷ್ಟರಲ್ಲಿ, 1978ರ ಜನವರಿಯಲ್ಲಿ, ಪಂಕ್‌ನ ಮತ್ತೊಂದು ಪ್ರಮುಖ ತಂಡವಾದ ಸೆಕ್ಸ್ ಪಿಸ್ಟಲ್ಸ್ ಒಡೆದುಹೋಗಿತ್ತು. ಪಂಕ್ ಎಂಬುದು ಹರಿದ ಅಂಗಿ, ಪಿನ್ನುಗಳ ಒಂದು ಸಮವಸ್ತ್ರವಾಗಿ ಗಟ್ಟಿಯಾಗತೊಡಗಿತ್ತು.

ಈ ಸ್ಥಿತಿಯಲ್ಲಿ ಮ್ಯಾನೇಜರನನ್ನೂ ಕಳೆದುಕೊಂಡಿದ್ದ ತಂಡ, 1979ರಲ್ಲಿ ಲಂಡನ್ನಿನ ಪಿಮ್ಲಿಕೊ ಪ್ರದೇಶದ ಗ್ಯಾರೇಜೊಂದರ ಹಿಂಬದಿಯಲ್ಲಿದ್ದ ವೆನಿಲಾ ಎಂಬ ತಾಲೀಮು ಕೋಣೆಯಲ್ಲಿ ಸೇರಿಕೊಂಡಿತು. ಅಲ್ಲಿ ಸ್ಟ್ರಮ್ಮರ್, ಗಿಟಾರ್ ವಾದಕ ಮಿಕ್ ಜೋನ್ಸ್, ಬಾಸ್ ನುಡಿಸುತ್ತಿದ್ದ ಪಾಲ್ ಸಿಮೊನನ್ ಮತ್ತು ಡ್ರಮ್ಮರ್ ಟಾಪರ್ ಹೆಡನ್ ತಮಗಿಷ್ಟವಾದ ಹಳೆಯ ಹಾಡುಗಳನ್ನು ನುಡಿಸುತ್ತಾ ಹೊಸ ಹಾಡುಗಳನ್ನು ಕಟ್ಟಿದರು. ಹೆಡನ್ ಇಲ್ಲದಿದ್ದರೆ ಈ ಆಲ್ಬಮ್ ಸಾಧ್ಯವೇ ಇರಲಿಲ್ಲವೆಂದು ನನಗನ್ನಿಸುತ್ತದೆ. ಜಾಜ್ ಮತ್ತು ಸೋಲ್ ಸಂಗೀತದ ಲಯ ಕೈಗೆ ಹತ್ತಿದ್ದ ಡ್ರಮ್ಮರ್ ಪಂಕ್ ತಂಡಗಳಲ್ಲಿ ಅಪರೂಪವಾಗಿದ್ದ.

ಧ್ವನಿಮುದ್ರಣ ನಡೆದದ್ದು ಹೈಬರಿಯ ವೆಸೆಕ್ಸ್ ಸ್ಟುಡಿಯೊದಲ್ಲಿ. ನಿರ್ಮಾಪಕರಾಗಿ ಅವರು ಆರಿಸಿಕೊಂಡ ಗೈ ಸ್ಟೀವನ್ಸ್ ಆ ವೇಳೆಗೆ ಕುಡಿತದಿಂದಾಗಿ ಉದ್ಯಮ ದೂರವಿಟ್ಟಿದ್ದ ಮನುಷ್ಯ. ತಂಡ ನುಡಿಸುತ್ತಿರುವಾಗ ಕುರ್ಚಿಗಳನ್ನೆಸೆಯುವುದು, ಏಣಿ ಬೀಸುವುದು, ಪಿಯಾನೊದೊಳಗೆ ಮದ್ಯ ಸುರಿಯುವುದು ಅವರ ನಿರ್ದೇಶನದ ರೀತಿಯಾಗಿತ್ತು. ವಿನ್ಸ್ ಟೇಲರ್ 1959ರಲ್ಲಿ ಹಾಡಿದ್ದ ‘ಬ್ರ್ಯಾಂಡ್ ನ್ಯೂ ಕ್ಯಾಡಿಲಾಕ್’ ಹಾಡನ್ನು ನುಡಿಸುವಾಗ ಲಯ ಕ್ರಮೇಣ ಏರಿತೆಂದೂ ಮತ್ತೊಮ್ಮೆ ಮುದ್ರಿಸಬೇಕೆಂದೂ ಹೆಡನ್ ಕೇಳಿದಾಗ, ರಾಕ್ ಅಂಡ್ ರೋಲ್ ಎಲ್ಲವೂ ವೇಗ ಪಡೆಯುವಂಥದ್ದೇ ಎಂದು ಸ್ಟೀವನ್ಸ್ ಅದನ್ನೇ ಉಳಿಸಿಕೊಂಡರಂತೆ. ಇಷ್ಟೆಲ್ಲ ಗಲಾಟೆಯ ನಡುವೆ ಶಬ್ದವನ್ನು ಅಚ್ಚುಕಟ್ಟಾಗಿ ಹಿಡಿದಿಟ್ಟದ್ದು ಎಂಜಿನಿಯರ್ ಬಿಲ್ ಪ್ರೈಸ್. ಸ್ಟೀವನ್ಸ್ 1981ರಲ್ಲಿ ತೀರಿಕೊಂಡರು.

ಹಾಡುಗಳ ವಸ್ತು ಆ ವರ್ಷದ ಬ್ರಿಟನ್ನಿನದು. 1979ರ ಮಾರ್ಚಿನಲ್ಲಿ ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ಮೇ ತಿಂಗಳಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. ಥೇಮ್ಸ್ ಉಕ್ಕಿ ಲಂಡನ್ ಮುಳುಗೀತೆಂಬ ಭಯಕ್ಕೆ ನದಿಗಡ್ಡಲಾಗಿ ತಡೆಗೋಡೆಯ ಕಾಮಗಾರಿ ನಡೆಯುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಿಬಿಸಿ ಪ್ರಸಾರದ ಆರಂಭದಲ್ಲಿ ಬರುತ್ತಿದ್ದ ಕರೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಮೊದಲ ಹಾಡು ಈ ಆತಂಕಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತದೆ.

ಆದರೆ ಆಲ್ಬಮ್ಮಿನ ನಿಜವಾದ ಆಳವಿರುವುದು ಅದರ ಜಮೈಕಾ ನಂಟಿನಲ್ಲಿ. ಯುದ್ಧಾನಂತರ ಕೆರಿಬಿಯನ್ ದ್ವೀಪಗಳಿಂದ ಬಂದು ಬ್ರಿಕ್ಸ್‌ಟನ್, ನಾಟಿಂಗ್ ಹಿಲ್‌ಗಳಲ್ಲಿ ನೆಲೆಸಿದ ಕುಟುಂಬಗಳ ಜೊತೆಗೆ ಅವರ ಸಂಗೀತವೂ ಬಂದಿತ್ತು. ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಡಿಜೆ ಡಾನ್ ಲೆಟ್ಸ್, ಆಗಿನ್ನೂ ಪಂಕ್ ತಟ್ಟೆಗಳೇ ಹೆಚ್ಚಾಗಿ ಇಲ್ಲದ್ದರಿಂದ, ತಂಡಗಳ ನಡುವಿನ ಬಿಡುವಿನಲ್ಲಿ ರೆಗೆ ಹಾಕುತ್ತಿದ್ದರು. ಬಿಳಿಯ ಹುಡುಗರ ಕಿವಿಗೆ ಅದು ಬಿದ್ದದ್ದು ಹೀಗೆ. ಬ್ರಿಕ್ಸ್‌ಟನ್ನಿನಲ್ಲಿ ಬೆಳೆದ ಸಿಮೊನನ್ ಬರೆದು ತಾವೇ ಹಾಡಿದ ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ ಪೊಲೀಸರ ಭಯದಲ್ಲಿ ಬದುಕುವ ಆ ಕೇರಿಯ ಉಸಿರುಗಟ್ಟಿದ ವಾತಾವರಣವನ್ನು ಹಿಡಿಯಿತು. ಹಾಡು ಬಂದ ಒಂದೂವರೆ ವರ್ಷದೊಳಗೆ, 1981ರ ಏಪ್ರಿಲ್‌ನಲ್ಲಿ, ಬ್ರಿಕ್ಸ್‌ಟನ್ನಿನಲ್ಲಿ ದಂಗೆ ನಡೆಯಿತು. ಅದನ್ನು ಭವಿಷ್ಯವಾಣಿ ಎನ್ನಬೇಕಿಲ್ಲ. ಅಲ್ಲಿದ್ದವರಿಗೆ ಕಾಣುತ್ತಿದ್ದುದನ್ನೇ ಅದು ಹೇಳಿತ್ತು.

ಬೆಲೆಯ ಕಥೆ ಬೇರೆಯೇ. ಜೋಡಿ ಆಲ್ಬಮ್ಮಿಗೆ ಸಿಬಿಎಸ್ ಒಪ್ಪುವಂತಿರಲಿಲ್ಲ. ಹಾಗಾಗಿ ತಂಡ, ಎಲ್‌ಪಿಯ ಜೊತೆಗೆ ಉಚಿತವಾಗಿ ಒಂದು 12 ಇಂಚಿನ ಸಿಂಗಲ್ (ಒಂದೆರಡು ಹಾಡುಗಳ ತಟ್ಟೆ) ಕೊಡಲು ಕಂಪನಿಯಿಂದ ಒಪ್ಪಿಗೆ ಪಡೆದು, ಆ ತಟ್ಟೆಯಲ್ಲಿ ಹಾಡಿನ ಮೇಲೆ ಹಾಡು ತುಂಬುತ್ತಾ ಹೋಗಿ ಕೊನೆಗೆ ಅದನ್ನೇ ಎರಡನೆಯ ಎಲ್‌ಪಿಯಾಗಿಸಿತು. ದೊಡ್ಡ ಕಂಪನಿಗೆ ಮಾರಿಕೊಂಡವರೆಂಬ ಹಳೆಯ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು. ಹೊದಿಕೆ ಮುದ್ರಣವಾದ ಮೇಲೆ ಸೇರಿಸಿದ ‘ಟ್ರೈನ್ ಇನ್ ವೇನ್’ ಹಾಡಿನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅಮೆರಿಕದಲ್ಲಿ ಮೊದಲ ನಲವತ್ತರೊಳಗೆ ಬಂದ ಅವರ ಮೊದಲ ಹಾಡು ಅದೇ ಆಯಿತು. ಇಷ್ಟು ಉದಾರವಾಗಿ ಕೊಟ್ಟದ್ದೆಲ್ಲ ಒಂದೇ ಮಟ್ಟದ್ದೆಂದು ಹೇಳಲಾಗದು. ನಾಲ್ಕನೆಯ ಬದಿಯ ‘ಲವರ್ಸ್ ರಾಕ್’ ಇಲ್ಲದಿದ್ದರೂ ಯಾರಿಗೂ ನಷ್ಟವಿರಲಿಲ್ಲ.

ಹಾಡು ಕೇಳದವರೂ ಬಲ್ಲದ್ದು ಆಲ್ಬಮ್ಮಿನ ಹೊದಿಕೆಯನ್ನು. 1979ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂ ವೇದಿಕೆಯಲ್ಲಿ ಸಿಮೊನನ್ ತಮ್ಮ ಬಾಸ್ ಗಿಟಾರನ್ನು ನೆಲಕ್ಕಪ್ಪಳಿಸುತ್ತಿದ್ದ ಕ್ಷಣವನ್ನು ಛಾಯಾಗ್ರಾಹಕಿ ಪೆನಿ ಸ್ಮಿತ್ ಸೆರೆಹಿಡಿದರು. ಚಿತ್ರ ಸ್ಪಷ್ಟವಾಗಿಲ್ಲವೆಂದು ಅದನ್ನು ಬಳಸಲು ಅವರು ಮೊದಲು ಒಪ್ಪಿರಲಿಲ್ಲ. ವಿನ್ಯಾಸಕ ರೇ ಲೌರಿ ಅದಕ್ಕೆ ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿಯ 1956ರ ಮೊದಲ ಆಲ್ಬಮ್ಮಿನಂತೆಯೇ ಗುಲಾಬಿ ಮತ್ತು ಹಸಿರು ಅಕ್ಷರಗಳನ್ನು ಕೂಡಿಸಿದರು. ಎರಡು ವರ್ಷಗಳ ಹಿಂದೆ ತಮಗೆ ಎಲ್ವಿಸ್ ಬೇಡವೆಂದು ಹಾಡಿದ್ದ ತಂಡ ಈಗ ಆ ಪರಂಪರೆಯೊಳಕ್ಕೆ ತಾನೇ ನಡೆದು ಬಂದಿತ್ತು.

ಬ್ರಿಟನ್ನಿನ ಪಟ್ಟಿಯಲ್ಲಿ ಆಲ್ಬಮ್ ಏರಿದ್ದು 9ನೆಯ ಸ್ಥಾನಕ್ಕೆ, ಅಮೆರಿಕದಲ್ಲಿ 27ಕ್ಕೆ. ಅದರ ಕೀರ್ತಿ ಬೆಳೆದದ್ದು ನಿಧಾನವಾಗಿ. ಅಮೆರಿಕದಲ್ಲಿ 1980ರ ಜನವರಿಯಲ್ಲಿ ಬಿಡುಗಡೆಯಾದ್ದರಿಂದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಇದನ್ನು ಎಂಬತ್ತರ ದಶಕದ ಅತ್ಯುತ್ತಮ ಆಲ್ಬಮ್ ಎಂದು ಆರಿಸಿತು. ಎಪ್ಪತ್ತರ ದಶಕದ ಲಂಡನ್ನಿನ ಕೂಸಿಗೆ ಸಂದ ವಿಚಿತ್ರ ಗೌರವವಿದು. ‘ದಿ ಗನ್ಸ್ ಆಫ್ ಬ್ರಿಕ್ಸ್‌ಟನ್’ನಲ್ಲಿದ್ದ ಸಿಮೊನನ್ನರ ಬಾಸ್ ಸಾಲು 1990ರಲ್ಲಿ ಬೀಟ್ಸ್ ಇಂಟರ್‌ನ್ಯಾಷನಲ್ ತಂಡದ ನೃತ್ಯಗೀತೆಯೊಂದರಲ್ಲಿ ಸೇರಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. 2010ರಲ್ಲಿ ರಾಯಲ್ ಮೇಲ್ ಈ ಹೊದಿಕೆಯನ್ನು ಅಂಚೆಚೀಟಿಯಾಗಿಸಿತು, 2019ರಲ್ಲಿ ಮುರಿದ ಬಾಸ್ ಲಂಡನ್ ವಸ್ತುಸಂಗ್ರಹಾಲಯದ ಪ್ರದರ್ಶನದಲ್ಲಿತ್ತು. ಸ್ಟ್ರಮ್ಮರ್ 2002ರಲ್ಲೇ ತೀರಿಕೊಂಡಿದ್ದರು. ಮುಳುಗಲಿರುವ ನಗರವೊಂದರ ಬಗ್ಗೆ ಅವರು ಕೂಗಿ ಹಾಡಿದ್ದ ಹಾಡನ್ನು 2012ರ ಒಲಿಂಪಿಕ್ಸ್ ವೇಳೆ ಬ್ರಿಟಿಷ್ ಏರ್‌ವೇಸ್ ತನ್ನ ಜಾಹೀರಾತಿಗೆ ಬಳಸಿಕೊಂಡಿತು.