ಮುದುಕನ ಕೈ ಆಡಿಸಿದ್ದು ಯಾರು?

ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್ ಗಾಜಿನ ಮೇಲೆ ಬೆರಳಿನಿಂದಲೇ ಎಣ್ಣೆಬಣ್ಣ ತೀಡುತ್ತಾರೆ. ಒಂದು ಫೋಟೋ ತೆಗೆಯುತ್ತಾರೆ. ಬಣ್ಣ ಹಸಿ ಇರುವಾಗಲೇ ಮುದುಕನ ಕೈಯನ್ನು ಒರೆಸಿ, ಕೂದಲೆಳೆಯಷ್ಟು ಪಕ್ಕಕ್ಕೆ ಬರೆಯುತ್ತಾರೆ. ಇನ್ನೊಂದು ಫೋಟೋ. ಹೀಗೆ 29,000ಕ್ಕೂ ಜಾಸ್ತಿ ಚಿತ್ರ, ಎರಡು ವರ್ಷಕ್ಕೂ ಮೀರಿದ ದುಡಿಮೆ. ಕೈಗೆ ಬಂದದ್ದು ಬರೀ 20 ನಿಮಿಷದ ಸಿನಿಮಾ: ಹೆಮಿಂಗ್ವೇ ಕತೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’. 2000ದಲ್ಲಿ ಅದಕ್ಕೆ ಆಸ್ಕರ್ ಬಂತು.

ನೀರುಬಣ್ಣದಲ್ಲಿ ಈ ಆಟ ನಡೆಯೋದಿಲ್ಲ. ನೀರು ಆರಿಹೋಗುತ್ತದೆ. ಬಣ್ಣದೊಳಗಿನ ಅಗಸೆ ಎಣ್ಣೆ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಎಷ್ಟೋ ಸಲ ಒರೆಸಿ ತಿದ್ದಬಹುದು.

ಸರಿ, ಚಿತ್ರಗಳೆಲ್ಲ ನಿಂತಿವೆ. ಕೈ ಆಡಿದ್ದು ಹೇಗೆ? ಕಣ್ಣಲ್ಲಿ ಹಿಂದಿನ ಚಿತ್ರ ಕ್ಷಣ ಹೊತ್ತು ಉಳಿಯುತ್ತದೆ, ಅದಕ್ಕೇ ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ಈ ಉತ್ತರ ಕೇಳಿದರೆ ನನಗೆ ರೇಗುತ್ತದೆ. ದೀಪಾವಳಿಯ ಸುರ್‌ಸುರ್‌ಬತ್ತಿಯನ್ನು ಗಿರಗಿರ ತಿರುಗಿಸಿ. ಕಾಣುವುದು ಓಡುವ ಕಿಡಿಯಲ್ಲ, ನಿಂತ ಬೆಂಕಿಯ ಬಳೆ. ಕಣ್ಣಲ್ಲಿ ಉಳಿದದ್ದು ಚಲನೆಯನ್ನು ಅಳಿಸಿಬಿಟ್ಟಿತು, ಅಲ್ವಾ? ಸೆಕೆಂಡಿಗೆ 24 ಚಿತ್ರ ಹೀಗೇ ಒಂದರ ಮೇಲೊಂದು ಕೂತರೆ ಮುದುಕನಿಗೆ ರಾವಣನಿಗಿಂತ ಹೆಚ್ಚು ಕೈ ಇರಬೇಕಿತ್ತು.

ಈಗ ಮದುವೆ ಮನೆಯ ಸೀರಿಯಲ್ ಸೆಟ್ ನೋಡಿ. ಒಂದು ಬಲ್ಬು ಆರುತ್ತದೆ, ಪಕ್ಕದ್ದು ಹತ್ತುತ್ತದೆ. ಬೆಳಕು ಚಪ್ಪರದ ಸುತ್ತ ಓಡುತ್ತದೆ. ಯಾವ ಬಲ್ಬೂ ಜಾಗ ಬಿಟ್ಟಿಲ್ಲ!

ಮಾಕ್ಸ್ ವರ್ತೈಮರ್ ಇದರ ಬೆನ್ನುಹತ್ತಿದ ಮನಶ್ಶಾಸ್ತ್ರಜ್ಞ. 1910ರಲ್ಲಿ ರೈಲಿನಲ್ಲಿ ಹೋಗುತ್ತಿದ್ದವರು ಏನೋ ಹೊಳೆದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲೇ ಇಳಿದು, ಚಿತ್ರ ತಿರುಗಿಸುವ ಮಕ್ಕಳ ಆಟಿಕೆ ಕೊಂಡರಂತೆ. ಆಮೇಲೆ ಒಂದು ಗೆರೆ ತೋರಿಸಿ, ಮರೆಮಾಡಿ, ಪಕ್ಕದಲ್ಲಿ ಇನ್ನೊಂದು ಗೆರೆ ತೋರಿಸಿದರು. ನಡುವೆ ಸೆಕೆಂಡಿನ ಐದನೇ ಒಂದು ಭಾಗ ಬಿಟ್ಟರೆ ಒಂದಾದ ಮೇಲೊಂದು ಗೆರೆ. ತೀರಾ ಕಡಿಮೆ ಬಿಟ್ಟರೆ ಎರಡೂ ಒಟ್ಟಿಗೆ. ಸುಮಾರು 60 ಮಿಲಿಸೆಕೆಂಡ್ ಬಿಟ್ಟರೆ? ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿಯುತ್ತದೆ. 1912ರಲ್ಲಿ ಇದನ್ನು ಪ್ರಕಟಿಸಿದರು.

ಮಿದುಳಿನಲ್ಲಿ ಚಲನೆಯನ್ನೇ ಗುರುತಿಸುವ ನರಕೋಶಗಳಿವೆ. ನಿಜವಾಗಿ ಸರಿದದ್ದೋ, ಪುಟ್ಟ ಪುಟ್ಟ ನೆಗೆತವೋ ಅಂತ ಅವು ವಿಚಾರಿಸುವುದಿಲ್ಲ. ಎರಡಕ್ಕೂ ‘ಚಲಿಸಿತು’ ಅಂತಲೇ ಸುದ್ದಿ ಕಳಿಸುತ್ತವೆ.

ಮುದುಕ ಮೀನಿನ ಹಗ್ಗ ಜಗ್ಗುವಾಗ ಸಿನಿಮಾ ನಿಲ್ಲಿಸಿ ನೋಡಿ. ಅಲ್ಲಿರುವುದು ಸುಮ್ನೆ ತೀಡಿದ ಬಣ್ಣ. ಮತ್ತೆ ಓಡಿಸಿ, ಹಗ್ಗ ಬಿಗಿಯಾಗುತ್ತದೆ.